ಸರ್ಕಾರ ಬಣ್ಣ ಹಚ್ಚಿದ ನಕ್ಷೆ

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ನನ್ನನ್ನು ಆಗಾಗ ಕೇಳುತ್ತಾರೆ: "ಅಲ್ಲಿ ಗುಲಾಮಗಿರಿ ಹೋಗಿ ನೂರೈವತ್ತು ವರ್ಷದ ಮೇಲಾಯ್ತು. ಕಪ್ಪು ಜನ ಇನ್ನೂ ಯಾಕೆ ಹಿಂದೆ ಇದ್ದಾರೆ?" ಕೆಲವರು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ, ಅವರಿಗೆ ದುಡಿಯುವ ಮನಸ್ಸಿಲ್ಲ ಅಂತ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇವತ್ತು ಒಂದೇ ವಿಷಯ ಹೇಳುತ್ತೇನೆ. ಅದು ತಾನಾಗಿ ಆದದ್ದಲ್ಲ. ಸರ್ಕಾರವೇ ಕೂತು ಮಾಡಿದ್ದು.

1930ರ ದಶಕ. ಮನೆ ಸಾಲ ತೀರಿಸಲಾಗದೆ ಜನ ಬೀದಿಗೆ ಬಿದ್ದಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ನೆರವಿಗೆ ಬಂತು. ಅದರ ಅಧಿಕಾರಿಗಳು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿ, ಬಡಾವಣೆಗಳಿಗೆ ಬಣ್ಣ ಹಚ್ಚಿದರು. ಹಸಿರು ಅಂದರೆ ಸಾಲಕ್ಕೆ ಒಳ್ಳೆಯ ಜಾಗ, ಕೆಂಪು ಅಂದರೆ ಅಪಾಯ. ಕಪ್ಪು ಜನ ವಾಸವಿದ್ದ ಕಡೆಯೆಲ್ಲ ಹೆಚ್ಚೂ ಕಮ್ಮಿ ಕೆಂಪು. ಮನೆ ಸಾಲಕ್ಕೆ ಜಾಮೀನು ನಿಲ್ಲಲು 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ಹುಟ್ಟಿತು. ಅದೂ ಕಪ್ಪು ಜನರ ಬಡಾವಣೆಗೆ ಜಾಮೀನು ಕೊಡಲಿಲ್ಲ.

ಡೆಟ್ರಾಯಿಟ್ ನಗರದಲ್ಲಿ ಏನಾಯ್ತು ನೋಡಿ. ಎಯ್ಟ್ ಮೈಲ್ ರಸ್ತೆಯ ಹತ್ತಿರ ಕಪ್ಪು ಕುಟುಂಬಗಳು ಜಾಗ ಕೊಂಡು, ಕೈಲಾದ ಹಾಗೆ ಮನೆ ಕಟ್ಟಿಕೊಂಡಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಬಿಳಿಯರಿಗೆ ಮನೆ ಕಟ್ಟಿ ಮಾರಲು ಒಬ್ಬ ಬಿಲ್ಡರ್ ಹೊರಟ. ಆ ಮನೆಗಳ ಸಾಲಕ್ಕೆ ಜಾಮೀನು ನಿಲ್ಲಲು ಇಲಾಖೆ ಒಪ್ಪಲಿಲ್ಲ. ಕಪ್ಪು ಜನ ತೀರಾ ಹತ್ತಿರ ಇದ್ದಾರೆ ಅಂತು. ಆತ 1941ರಲ್ಲಿ ಎರಡರ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಆರು ಅಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ, ಹಿತ್ತಿಲುಗಳ ಅಂಚಿನಲ್ಲೇ ಹಾದುಹೋಗುತ್ತದೆ. ಗೋಡೆ ಎದ್ದಿತು, ಜಾಮೀನು ಸಿಕ್ಕಿತು! ಗೋಡೆಯ ಆ ಕಡೆಯವರಿಗೆ ಸಾಲ, ಈ ಕಡೆಯವರಿಗೆ ಇಲ್ಲ. ಅದೇ ಮಣ್ಣು, ಅದೇ ಊರು. ಆ ಗೋಡೆ ಇನ್ನೂ ನಿಂತಿದೆ. ಒಂದು ಭಾಗದ ಮೇಲೆ ಅಲ್ಲಿನ ಜನ ಚಿತ್ರ ಬರೆದಿದ್ದಾರೆ. ಇದನ್ನು ಸುಮ್ನೆ ಒಬ್ಬ ಬಿಲ್ಡರನ ಕೆಟ್ಟತನ ಅನ್ನಬೇಡಿ. ನಿಯಮ ಸರ್ಕಾರದ್ದು.

ಸಾಲ ಸಿಕ್ಕವರ ಮನೆಗೆ ಬೆಲೆ ಏರಿತು. ಸಿಗದವರು ಬಾಡಿಗೆ ಕಟ್ಟುತ್ತಲೇ ಉಳಿದರು. ನಮ್ಮಲ್ಲೂ ಅಪ್ಪ ಕೊಂಡ ಸೈಟೇ ಅಲ್ವಾ ಮಕ್ಕಳ ಓದಿಗೆ ಒದಗುವುದು? ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಲೆಕ್ಕದಲ್ಲಿ ಸಾಮಾನ್ಯ ಬಿಳಿ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್. ಕಪ್ಪು ಕುಟುಂಬದ್ದು ಸುಮಾರು 45,000. ಆರು ಪಟ್ಟು ಜಾಸ್ತಿ! ಇದು ಸೋಮಾರಿತನದ ಲೆಕ್ಕವಲ್ಲ ಸ್ವಾಮಿ, ಆ ನಕ್ಷೆಯ ಲೆಕ್ಕ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಅಲ್ಲಿ ಸರ್ಕಾರಿ ಶಾಲೆಗೆ ಹಣ ಬರುವುದರಲ್ಲಿ ದೊಡ್ಡ ಪಾಲು ಊರಿನ ಮನೆ ಕಂದಾಯದ್ದು. ಮನೆಗೆ ಬೆಲೆ ಇಲ್ಲದ ಕಡೆ ಶಾಲೆಯೂ ಬಡವಾಗುತ್ತದೆ. 1967ರಲ್ಲಿ ಇದೇ ಡೆಟ್ರಾಯಿಟ್ ಗಲಭೆಯಲ್ಲಿ ಹೊತ್ತಿ ಉರಿದು 43 ಜನ ಸತ್ತರು. ಕಿಡಿ ಪೊಲೀಸರ ದಾಳಿಯದ್ದು, ಒಳಗೆ ಕುದಿಯುತ್ತಿದ್ದ ಸಿಟ್ಟಿನಲ್ಲಿ ಮನೆಯದ್ದೂ ಇತ್ತು. ಮನೆ ವಿಷಯದಲ್ಲಿ ಭೇದ ಮಾಡಬಾರದೆಂಬ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ.

ಮಕ್ಕಳನ್ನು ಅಲ್ಲಿಗೆ ಕಳಿಸಿದವರಿಗೆ ಇನ್ನೊಂದು ಮಾತು. 1946ರ ಕಾನೂನಿನಂತೆ ವರ್ಷಕ್ಕೆ ಬರೀ 100 ಭಾರತೀಯರು ಅಲ್ಲಿ ಹೋಗಿ ನೆಲೆಸಬಹುದಿತ್ತು. ಆ ಬಾಗಿಲು ದೊಡ್ಡದಾಗಿ ತೆರೆದದ್ದು 1965ರಲ್ಲಿ, ಕಪ್ಪು ಜನರ ಹೋರಾಟ ಕಾವೇರಿದ್ದ ಹೊತ್ತಿನಲ್ಲಿ, ಅದರ ಬಲದಿಂದಲೇ. ನಮಸ್ಕಾರ.