ಮೊದಲ ಗೆರೆ ಎಳೆಯುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಮಾಡ್ಯುಲರ್ ಕಟ್ಟಡ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಕ್ರೇನ್‌ನಲ್ಲಿ ತೂಗಾಡುವ ರೆಡಿಮೇಡ್ ಕೋಣೆ, ಅಂದರೆ ಕಾರ್ಖಾನೆಯಲ್ಲೇ ಮಾಡಿ ತರುವ ಮಾಡ್ಯೂಲ್. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಕ್ರೇನ್ ಬರುವುದಕ್ಕೆ ಎಷ್ಟೋ ತಿಂಗಳು ಮುಂಚಿನ ಹಂತದ ಬಗ್ಗೆ. ಸೈಟ್ ಇದೆ, ಏನೇನು ಬೇಕು ಅನ್ನುವ ಪಟ್ಟಿ ಇದೆ, ಇನ್ನೂ ಒಂದು ಗೆರೆಯೂ ಎಳೆದಿಲ್ಲ. ಮಾಡ್ಯೂಲ್‌ನಿಂದ ಲಾಭವೋ ನಷ್ಟವೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಪ್ಲಾನ್ ಪೂರ್ತಿ ಮುಗಿಸಿ, ಆಮೇಲೆ ಅದನ್ನು ತುಂಡು ಮಾಡಿ ಕಾರ್ಖಾನೆಗೆ ಕೊಟ್ಟರೆ ಕೆಲಸ ಸುಲಭ ಆಗುವುದಿಲ್ಲ, ಜಾಸ್ತಿ ಆಗುತ್ತದೆ.

ಒಂದು ಬಾತ್‌ರೂಮನ್ನೇ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಟೈಲ್ಸ್, ನಲ್ಲಿ, ಪೈಪ್ ಎಲ್ಲ ಕೂರಿಸಿ ಪೆಟ್ಟಿಗೆಯಂತೆ ತಂದು ಇಡುತ್ತಾರೆ. ಆ ಪೆಟ್ಟಿಗೆಗೆ ಅದರದ್ದೇ ಆದ ತಳ ಇರುತ್ತದೆ, ತಳಕ್ಕೆ ದಪ್ಪ ಇರುತ್ತದೆ. ಅಷ್ಟು ಆಳಕ್ಕೆ ಕೆಳಗಿನ ಸ್ಲ್ಯಾಬ್ ತಗ್ಗಿಸಿರಬೇಕು. ತಗ್ಗಿಸದಿದ್ದರೆ ಬಾಗಿಲಲ್ಲೇ ಒಂದು ಮೆಟ್ಟಿಲು ಬರುತ್ತದೆ. ಗಾಲಿಕುರ್ಚಿಯಲ್ಲಿ ಇರುವವರಿಗೆ ಆ ಬಾತ್‌ರೂಮ್ ಇದ್ದೂ ಇಲ್ಲದ ಹಾಗೆ. ಕಾಂಕ್ರೀಟ್ ಹಾಕಿದ ಮೇಲೆ ಸ್ಲ್ಯಾಬ್ ಇಳಿಸೋಕೆ ಆಗಲ್ಲ ಅಲ್ವಾ? ಹಾಗಾಗಿ ಉಳಿದ ನೆಲವನ್ನೆಲ್ಲ ಎತ್ತರಿಸುತ್ತಾರೆ. ಆಗ ಬಾಗಿಲಿನ ಎತ್ತರ, ಮೆಟ್ಟಿಲಿನ ಲೆಕ್ಕ, ಎಲ್ಲವೂ ಬದಲಾಗುತ್ತದೆ. ಮೊದಲ ವಾರದಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು.

ಅಳತೆಯನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡುವ ಈ ಯೋಚನೆ ಕಂಪ್ಯೂಟರ್ ಜೊತೆ ಬಂದದ್ದಲ್ಲ. 1851ರಲ್ಲಿ ಲಂಡನ್‌ನಲ್ಲಿ ನಿಂತ ಗಾಜು-ಕಬ್ಬಿಣದ ಪ್ರದರ್ಶನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್ ನೋಡಿ. ಅದರ ವಿನ್ಯಾಸಕಾರ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಅಳತೆಯಿಂದ ಹೊರಟರು. ಒಂದು ಗಾಜು 49 ಇಂಚು ಉದ್ದ, 10 ಇಂಚು ಅಗಲ. ಆ ಗಾಜಿನ ಚಾವಣಿಗೆ ಹೊಂದುವ ಹಾಗೆ ಕಂಬಗಳ ಅಂತರ 24 ಅಡಿ, ಇಲ್ಲವೇ ಅದರ ದುಪ್ಪಟ್ಟು, ಮೂರುಪಟ್ಟು. ಕಟ್ಟಡದ ಉದ್ದ 1,848 ಅಡಿ. 24ರಿಂದ ಭಾಗಿಸಿದರೆ ಸರಿಯಾಗಿ 77 ಅಂಕಣ, ಒಂದಿಂಚೂ ಉಳಿಯುವುದಿಲ್ಲ. ಇಷ್ಟು ದೊಡ್ಡ ಕಟ್ಟಡ ಒಂದು ವರ್ಷದೊಳಗೆ ಎದ್ದು ನಿಂತಿತು. ನನಗೆ ಇದು ಇವತ್ತಿಗೂ ಬೆರಗು.

ಹಾಗಾದರೆ ಡಿಜಿಟಲ್ ಮಾಡೆಲ್, ಅಂದರೆ ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡುವ ಮಾದರಿ, ಯಾಕೆ ಬೇಕು? ಪ್ಯಾಕ್ಸ್‌ಟನ್ ಒಂದೇ ಅಳತೆ ಹಿಡಿದು ಹೋದರು. ನಾವು ಅನೇಕ ಅಳತೆಗಳನ್ನು ಬೇಗ ಬೇಗ ಹಾಕಿ ನೋಡಿ, ಬೇಡವಾದದ್ದನ್ನು ಬಿಟ್ಟುಬಿಡಬಹುದು. ಮಾಡ್ಯೂಲ್‌ನ ಅಗಲ 3 ಮೀಟರ್ ಇದ್ದದ್ದನ್ನು 3.3 ಮಾಡಿದಿರಿ ಅಂದುಕೊಳ್ಳಿ. ಅಳತೆಗಳನ್ನು ಒಂದಕ್ಕೊಂದು ಜೋಡಿಸಿದ ಮಾಡೆಲ್ ಆದರೆ ಕೋಣೆ ಎಷ್ಟಾಯಿತು, ಕೊನೆಯಲ್ಲಿ ಎಷ್ಟು ಜಾಗ ಸುಮ್ನೆ ಉಳಿಯಿತು, ಲಾರಿಯಲ್ಲಿ ಹೋಗುತ್ತದೋ ಇಲ್ಲವೋ, ಎಲ್ಲ ಕೂಡಲೇ ಗೊತ್ತಾಗುತ್ತದೆ. ನಾನು ಮೊದಲು ನೋಡುವುದು ಒಟ್ಟು ಎಷ್ಟು ಬಗೆಯ ಮಾಡ್ಯೂಲ್ ಆಯಿತು ಅನ್ನುವುದನ್ನು. ಇನ್ನೂರು ಮಾಡ್ಯೂಲ್‌ಗೆ ನಲವತ್ತು ಬಗೆ ಇದ್ದರೆ, ಒಂದೇ ಬಗೆಯದನ್ನು ಕಾರ್ಖಾನೆಯಲ್ಲಿ ಮತ್ತೆ ಮತ್ತೆ ಮಾಡುವುದರಿಂದ ಸಿಗುವ ಲಾಭ ಅಲ್ಲೇ ಕರಗುತ್ತದೆ.

ಎತ್ತರದ ಕಡೆಗೂ ಗಮನ ಬೇಕು. ಪ್ರತಿ ಮಾಡ್ಯೂಲ್‌ಗೂ ಅದರದ್ದೇ ನೆಲ, ಅದರದ್ದೇ ಚಾವಣಿ. ಒಂದರ ಮೇಲೊಂದು ಇಟ್ಟಾಗ ಎರಡೂ ಸೇರಿ ದಪ್ಪ ಹೆಚ್ಚುತ್ತದೆ. ಕಟ್ಟಡದ ಎತ್ತರಕ್ಕೆ ಮಿತಿ ಇರುವ ಕಡೆ ಇದರಿಂದ ಒಂದು ಮಹಡಿಯೇ ಕೈತಪ್ಪಬಹುದು. ಪಕ್ಕಪಕ್ಕದ ಗೋಡೆಗಳ ಕಥೆಯೂ ಇದೇ.

ಮಾಡೆಲ್‌ನಲ್ಲಿ ಒಂದು ಅಪಾಯವೂ ಇದೆ. ಮೊದಲ ಹಂತದಲ್ಲೇ ಬಾಗಿಲ ಹಿಡಿಕೆ, ದೀಪ, ಪರದೆ ಎಲ್ಲ ಸೇರಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತದೆ. ನೋಡಿದವರು ಎಲ್ಲ ತೀರ್ಮಾನ ಆಗಿದೆ ಅಂದುಕೊಳ್ಳುತ್ತಾರೆ. ಆಮೇಲೆ ಬದಲಾಯಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಬಿಮ್, ಅಂದರೆ ಕಟ್ಟಡದ ಮಾಹಿತಿಯೂ ಸೇರಿದ ಡಿಜಿಟಲ್ ಮಾಡೆಲ್ ಕೆಲಸ ಮಾಡುವವರು, ಮಾಡೆಲ್ ಎಷ್ಟು ವಿವರಕ್ಕೆ ಇಳಿದಿದೆ ಅನ್ನುವುದನ್ನು ಎಲ್‌ಒಡಿ ಅನ್ನುತ್ತಾರೆ; ಅದರ ಶುರುವಿನ 100, 200ರ ಮಟ್ಟದಲ್ಲೇ ಸ್ವಲ್ಪ ಕಾಲ ನಿಲ್ಲಿ. ಬರೀ ಡಬ್ಬಗಳು, ಅಂದಾಜು ಅಳತೆಗಳು. ನೋಡೋಕೆ ಸಪ್ಪೆ, ಆದರೆ ಬದಲಾಯಿಸೋಕೆ ಸುಲಭ.

ಮುಂದೆ ಯಾವುದಾದರೂ ಮಾಡ್ಯೂಲನ್ನು ಹೊರಗೆ ತೆಗೆಯಬೇಕಾದರೆ? ಇದನ್ನೂ ಶುರುವಿನಲ್ಲೇ ಕೇಳಬೇಕು. ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಟವರ್ 1972ರಲ್ಲಿ ಮುಗಿಯಿತು. ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರ ವಿನ್ಯಾಸ, 140 ಕ್ಯಾಪ್ಸೂಲ್, ಅಂದರೆ ಪುಟ್ಟ ರೆಡಿಮೇಡ್ ಕೋಣೆಗಳು. ಕಾಲಕಾಲಕ್ಕೆ ಹಳೆಯದನ್ನು ಬಿಚ್ಚಿ ಹೊಸದು ಕೂರಿಸುವ ಆಸೆ ಇತ್ತು. ಒಂದನ್ನೂ ಬದಲಾಯಿಸಲಿಲ್ಲ. ಮಧ್ಯದ ಒಂದನ್ನು ಮಾತ್ರ ತೆಗೆಯುವುದು ತುಂಬಾ ಕಷ್ಟವಿತ್ತು, ಮಾಲೀಕರೂ ಬೇರೆ ಬೇರೆ. 2022ರಲ್ಲಿ ಕಟ್ಟಡವನ್ನೇ ಬಿಚ್ಚಿದರು. ಬದಲಾಯಿಸುವ ಆಸೆಯಿದ್ದರೆ ಬದಲಾಯಿಸುವ ದಾರಿಯನ್ನೂ ಮಾಡೆಲ್‌ನಲ್ಲಿ ನಡೆಸಿ ನೋಡಬೇಕು.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ಸಾಮಾನ್ಯವಾಗಿ ಟೆಂಡರ್ ಕರೆಯುವುದು ನಕ್ಷೆ ಮುಗಿದ ಮೇಲೆ. ಹಾಗಾಗಿ ಯಾವ ಕಾರ್ಖಾನೆ ಅನ್ನುವುದು ಪ್ಲಾನ್ ಮಾಡುವಾಗ ಗೊತ್ತೇ ಇರುವುದಿಲ್ಲ. ಮೊದಲೇ ಒಂದು ಕಾರ್ಖಾನೆಯ ಅಳತೆಗೆ ಕಟ್ಟಿಬಿದ್ದರೆ ಪೈಪೋಟಿ ಇರಲ್ಲ. ನನ್ನ ಸಲಹೆ ಇಷ್ಟು. ಎರಡು ಮೂರು ಕಾರ್ಖಾನೆಯವರನ್ನು ಶುರುವಿನಲ್ಲೇ ಕರೆಸಿ, ಅವರ ಸಮಯಕ್ಕೆ ಹಣ ಕೊಟ್ಟು ಸಲಹೆ ಪಡೆಯಿರಿ. ಲಾರಿಯಲ್ಲಿ ಸಾಗಿಸಬಹುದಾದ ಗರಿಷ್ಠ ಅಗಲ, ಒಂದು ಮಾಡ್ಯೂಲ್‌ನ ತೂಕ, ಜೋಡಣೆಯಲ್ಲಿ ಎಷ್ಟು ಮಿಲಿಮೀಟರ್ ಹೆಚ್ಚುಕಡಿಮೆ ಆಗಬಹುದು ಅನ್ನುವುದನ್ನು ಬರಹದಲ್ಲೇ ಪಡೆಯಿರಿ. ಅವರೆಲ್ಲರಿಗೂ ಆಗುವ ಅಳತೆಯನ್ನು ಇಟ್ಟುಕೊಂಡು ಗ್ರಿಡ್, ಅಂದರೆ ಪ್ಲಾನ್‌ನ ಚೌಕಳಿ, ಹಾಕಿ. ಅಲ್ಲಿಂದ ನಿಮ್ಮ ಮೊದಲ ಗೆರೆ ಎಳೆಯಿರಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.