ಏಣಿಯ ನಡುವಿನ ಮೆಟ್ಟಿಲು: ಮನೆಯಂಗಳದಲ್ಲಿ ಫೋರ್ಕ್ ಬ್ರೇಸ್

ನಮಸ್ಕಾರ ಕೇಳುಗರೇ.

ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಅಲ್ಲಿನ ಗಾಳಿ ಗೊತ್ತಿರುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೆಳಗೆ ನಾವು ಒಂದು ಲಾರಿಯನ್ನು ದಾಟುತ್ತಿರುತ್ತೇವೆ. ಲಾರಿಯ ಮರೆ ತಪ್ಪಿದ ಕೂಡಲೇ ಪಕ್ಕದಿಂದ ಒಂದು ತಳ್ಳು ಬೀಳುತ್ತದೆ. ಹ್ಯಾಂಡಲ್ ಒಂದು ಮಾತು ಹೇಳಿದರೆ ಮುಂದಿನ ಚಕ್ರ ಇನ್ನೊಂದು ಹೇಳುತ್ತಿದೆ ಅನ್ನಿಸುತ್ತದೆ, ಅಲ್ವಾ? ಉದ್ದ ಶಾಕ್ಸ್ ಇರುವ ಬೈಕ್‌ಗಳಲ್ಲಿ ಇದು ಸ್ವಲ್ಪ ಜಾಸ್ತಿ. ಯಾವ ಕಂಪನಿಯದಾದರೂ ಅಷ್ಟೇ, ಅದು ಉದ್ದದ ಗುಣ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2016ರಲ್ಲಿ ಬಂದ 411 ಸಿಸಿಯ ಮಾದರಿ. ಮುಂದೆ 21 ಇಂಚಿನ ಚಕ್ರ, ಆ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಫೋರ್ಕಿನ ಪೈಪು 41 ಮಿಲಿಮೀಟರ್ ದಪ್ಪ, ಶಾಕ್ಸ್ ಮೇಲೆ ಕೆಳಗೆ ಹೋಗುವ ದೂರ 200 ಮಿಲಿಮೀಟರ್. ಇದಕ್ಕೆ ನಾನು ಮನೆಯಂಗಳದಲ್ಲೇ ಕೂತು ಫೋರ್ಕ್ ಬ್ರೇಸ್ ಹಾಕಿದೆ. ಎರಡು ಸಲ ಹಾಕಬೇಕಾಯಿತು. ಮೊದಲ ಸಲ ತಪ್ಪಾಗಿತ್ತು, ಇವತ್ತು ಜಾಸ್ತಿ ಮಾತಾಡುವುದು ಆ ತಪ್ಪಿನ ಬಗ್ಗೆಯೇ.

ಮೊದಲು ಇದು ಏನು ಅಂತ ನೋಡೋಣ. ಅಟ್ಟಕ್ಕೆ ಹತ್ತುವ ಬಿದಿರಿನ ಏಣಿ ನೆನಪು ಮಾಡಿಕೊಳ್ಳಿ. ಅದರ ಮೇಲಿನ ಮೆಟ್ಟಿಲು ಮತ್ತು ಕೆಳಗಿನ ಮೆಟ್ಟಿಲು ಮಾತ್ರ ಬಿಟ್ಟು ನಡುವಿನದೆಲ್ಲ ತೆಗೆದುಬಿಡಿ. ಈಗ ಏಣಿಯನ್ನು ಹಿಡಿದು ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ. ಬೈಕಿನ ಮುಂದಿನ ಫೋರ್ಕ್ ಇರುವುದೂ ಹೀಗೆಯೇ. ಮೇಲೆ ಎರಡು ಪೈಪುಗಳನ್ನು ಹಿಡಿದಿರುವುದು ಟಿ, ಅಂದರೆ ಹ್ಯಾಂಡಲ್ ಕೆಳಗಿನ ಅಡ್ಡ ಹಿಡಿಕೆ, ಕೆಳಗೆ ಹಿಡಿದಿರುವುದು ಚಕ್ರದ ಆಕ್ಸಲ್. ಅದರ ಮೇಲೆ ಇನ್ನೊಂದು ವಿಷಯ: ಒಳಗಿನ ಹೊಳೆಯುವ ಪೈಪು ಹೊರಗಿನ ಬಾಟಮ್‌ನಲ್ಲಿ, ಅಂದರೆ ಕೆಳಗಿನ ದಪ್ಪ ಕೊಳವೆಯಲ್ಲಿ, ಬರೀ ಜಾರುವುದಿಲ್ಲ, ತಿರುಗಲೂ ಬಲ್ಲದು. ಬ್ರೇಕ್ ಡಿಸ್ಕ್ ಒಂದೇ ಕಡೆ ಇರುವುದರಿಂದ ಬ್ರೇಕ್ ಹಿಡಿದಾಗ ಫೋರ್ಕಿನ ಒಂದು ಕಾಲಿನ ಮೇಲೆ ಎಳೆತ ಜಾಸ್ತಿ ಬೀಳುತ್ತದೆ, ಇನ್ನೊಂದರ ಮೇಲೆ ಕಡಿಮೆ. ಎಣ್ಣೆ ತುಂಬಿದ ಇಂಥ ಟೆಲಿಸ್ಕೋಪಿಕ್ ಫೋರ್ಕ್ 1935ರಲ್ಲಿ ಬಿಎಂಡಬ್ಲ್ಯು ಆರ್12 ಬೈಕಿನಲ್ಲಿ ಬಂದಾಗಿನಿಂದ ಈ ತಿರುಚುವಿಕೆ ಅದರ ಜೊತೆಗೇ ಇದೆ.

ಫೋರ್ಕ್ ಬ್ರೇಸ್ ಅಂದರೆ ಆ ಏಣಿಗೆ ನಡುವೆ ಹಾಕುವ ಮೆಟ್ಟಿಲು. ಅಲ್ಯೂಮಿನಿಯಂನ ಒಂದು ಕಮಾನು, ಎರಡು ಬಾಟಮ್‌ಗಳನ್ನು ಡಸ್ಟ್ ಸೀಲಿನ, ಅಂದರೆ ಬಾಟಮ್ಮಿನ ಬಾಯಲ್ಲಿ ಧೂಳು ತಡೆಯುವ ರಬ್ಬರಿನ, ಹತ್ತಿರ ಸೇರಿಸಿ ಹಿಡಿಯುತ್ತದೆ. 2023ರಲ್ಲಿ ಬಂದ ಹಿಮಾಲಯನ್ 450 ಇರುವವರಿಗೆ ಇದು ಬೇಡ. ಅದರಲ್ಲಿರುವುದು ತಲೆಕೆಳಗಾದ ಫೋರ್ಕ್, ದಪ್ಪ ಭಾಗ ಮೇಲೆಯೇ ಇರುತ್ತದೆ, ಬ್ರೇಸ್ ಕೂರಿಸಲು ಜಾಗವೂ ಇಲ್ಲ.

ಬೈಕ್ ಅಲ್ಲಾಡುತ್ತಿದೆ ಅಂತ ಸೀದಾ ಬ್ರೇಸ್ ತರಬೇಡಿ. ಟೈರಿನ ಗಾಳಿ ನೋಡಿ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಟ್ಟಿರುವಂತೆ ಮಾಡಿ, ಬಾಟಮ್‌ಗಳನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹೆಚ್ಚಾಗಿ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಸಡಿಲವಾಗಿರುತ್ತದೆ. ಚಕ್ರದ ಬೇರಿಂಗ್, ಕಡ್ಡಿಗಳ ಬಿಗಿ, ಫೋರ್ಕ್ ಆಯಿಲ್ ಇವೆಲ್ಲ ಸರಿ ಇದ್ದ ಮೇಲೆ ಬ್ರೇಸಿನ ಮಾತು. ಸವೆದ ಕೋನ್‌ಸೆಟ್ಟನ್ನು ಯಾವ ಬ್ರೇಸೂ ಸರಿ ಮಾಡುವುದಿಲ್ಲ.

ಈಗ ನನ್ನ ಮೊದಲ ಸಲದ ಕೆಲಸ ಕೇಳಿ. ಕೆಳಗಿನ ಪುಟ್ಟ ಮಡ್‌ಗಾರ್ಡ್ ಬಿಚ್ಚಿದೆ, ಬ್ರೇಸ್ ಇಟ್ಟೆ. ಎಡಗಡೆ ಬೋಲ್ಟ್ ಬೆರಳಲ್ಲೇ ತಿರುಗಿಸಿಕೊಂಡು ಒಳಗೆ ಹೋಯಿತು. ಬಲಗಡೆ ನೋಡಿದರೆ ಬ್ರೇಸಿಗೂ ಬಾಟಮ್‌ಗೂ ನಡುವೆ ಸಣ್ಣ ಸಂದು, ತೂತಿನಲ್ಲಿ ಪೂರ್ತಿ ವೃತ್ತದ ಬದಲು ಅರ್ಧಚಂದ್ರ ಕಾಣುತ್ತಿತ್ತು. ಆಲನ್ ಕೀ ಹಾಕಿ ತಿರುಗಿಸಿದೆ, ಬೋಲ್ಟ್ ಎಳೆದುಕೊಂಡಿತು, ಸಂದು ಮುಚ್ಚಿತು. ಚೆನ್ನಾಗಿ ಕೂತಿತು ಅಂದುಕೊಂಡೆ. ನಿಜವಾಗಿ ಆಗಿದ್ದು ಏನೆಂದರೆ, ನಾನು ಬಾಟಮ್ಮನ್ನೇ ಪಕ್ಕಕ್ಕೆ ಎಳೆದು ಕಟ್ಟಿಹಾಕಿದ್ದೆ. ಹ್ಯಾಂಡಲ್ ಒತ್ತಿದರೆ ಶಾಕ್ಸ್ ಕೆಳಗೆ ಹೋಗಿ ನಿಂತು ನಿಂತು ಮೇಲೆ ಬರುತ್ತಿತ್ತು. ರಸ್ತೆ ಉಬ್ಬು ಬಂದಾಗಲೆಲ್ಲ ಅಂಗೈಗೆ ಪೆಟ್ಟು. ಕೆಲವೇ ವಾರಗಳಲ್ಲಿ ಬಲಗಡೆಯ ಆಯಿಲ್ ಸೀಲ್ ಒಸರಲು ಶುರುವಾಯಿತು, ಪೈಪಿನ ಮೇಲೆ ಎಣ್ಣೆಯ ಉಂಗುರ, ಅದರ ಮೇಲೆ ಧೂಳು. ಬ್ರೇಸ್ ಇಲ್ಲದಿದ್ದಾಗ ಇದ್ದದ್ದಕ್ಕಿಂತ ಬೈಕ್ ಕೆಟ್ಟದಾಗಿ ಓಡುತ್ತಿತ್ತು.

ಎರಡನೇ ಸಲ, ಹೊಸ ಸೀಲ್ ಹಾಕಿಸಿಕೊಂಡು ಬಂದು, ಮೊದಲು ಕಾಲುಗಳನ್ನು ಅವುಗಳ ಜಾಗಕ್ಕೆ ಬಿಟ್ಟೆ. ಬ್ರೇಸ್ ಪೂರ್ತಿ ತೆಗೆದು ಪಕ್ಕಕ್ಕಿಟ್ಟು, ಆಕ್ಸಲ್ ನಟ್ ಬಿಗಿಯಾಗಿಯೇ ಇರುವಾಗ, ಆಕ್ಸಲನ್ನು ಕಚ್ಚಿ ಹಿಡಿಯುವ ಪಿಂಚ್ ಬೋಲ್ಟ್ ಮಾತ್ರ ಸಡಿಲ ಮಾಡಿದೆ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಒತ್ತಿ ಒತ್ತಿ ಹತ್ತು ಸಲ ಕುಣಿಸಿದೆ. ಆಗ ಸಡಿಲವಿರುವ ಕಾಲು ಆಕ್ಸಲ್ ಮೇಲೆ ತಾನಾಗಿ ಸರಿದು ನೇರವಾಗುತ್ತದೆ. ಆಮೇಲೆ ಪಿಂಚ್ ಬೋಲ್ಟ್ ಬಿಗಿ ಮಾಡಿದೆ.

ನೇರವಾಗಿದೆಯಾ ಅಂತ ನೋಡಲು ದುಬಾರಿ ಸಾಮಾನು ಬೇಡ. ತೆಂಗಿನ ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ತೆಗೆದುಕೊಳ್ಳಿ. ಟಿ ಕೆಳಗೆ, ಎರಡು ಪೈಪುಗಳ ನಡುವೆ ಸರಿಯಾಗಿ ಕೂರುವಷ್ಟು ಉದ್ದಕ್ಕೆ ಕತ್ತರಿಸಿ. ಅದನ್ನು ಮೆಲ್ಲಗೆ ಕೆಳಗೆ ಸರಿಸುತ್ತಾ ಬನ್ನಿ. ಡಸ್ಟ್ ಸೀಲಿನ ಹತ್ತಿರ ಬಂದಾಗ ಕಡ್ಡಿ ಬಾಗಿದರೆ ಕಾಲುಗಳು ಒಳಗೆ ಬಂದಿವೆ, ಜಾರಿ ಬಿದ್ದರೆ ಹೊರಗೆ ಹೋಗಿವೆ. ನನ್ನದು ಬಾಗಲಿಲ್ಲ, ಬೀಳಲೂ ಇಲ್ಲ. ಆಗ ಮಾತ್ರ ಬ್ರೇಸ್ ಕೈಗೆತ್ತಿಕೊಂಡೆ.

ಬ್ರೇಸ್ ಇಟ್ಟರೆ ಅದೇ ಸಂದು ಮತ್ತೆ ಇತ್ತು. ಈ ಸಲ ಎಳೆಯಲಿಲ್ಲ. ಸಂದು ಅಳೆಯುವ ತೆಳು ಲೋಹದ ಪಟ್ಟಿ, ಫೀಲರ್ ಗೇಜ್, ತೂರಿಸಿ ಎಷ್ಟಿದೆ ಅಂತ ಅಳೆದು, ಅಷ್ಟೇ ದಪ್ಪಕ್ಕೆ ತೆಳು ವಾಷರ್‌ಗಳನ್ನು ಸೇರಿಸಿ ಸಂದಿಗೆ ಇಟ್ಟೆ. ತೂತು ಪೂರ್ತಿ ಗುಂಡಗೆ ಕಾಣಿಸಿತು, ಬೋಲ್ಟ್ ಕೊನೆಯವರೆಗೂ ಬೆರಳಲ್ಲೇ ಹೋಯಿತು. ಕಾಲು ಇರುವ ಕಡೆಗೆ ಬ್ರೇಸ್ ಬರಬೇಕು, ಬ್ರೇಸ್ ಇರುವ ಕಡೆಗೆ ಕಾಲನ್ನು ಎಳೆಯಬಾರದು. ವಾಷರ್ ಹಾಕಿದರೂ ಬೋಲ್ಟ್ ಬೆರಳಲ್ಲಿ ಹೋಗದಿದ್ದರೆ ಆ ಬ್ರೇಸ್ ನಿಮ್ಮ ಬೈಕಿನದಲ್ಲ, ವಾಪಸ್ ಕೊಡಿ.

ಬೋಲ್ಟಿನ ಉದ್ದವನ್ನೂ ನೋಡಿ. ಬ್ರೇಸಿನ ದಪ್ಪ, ವಾಷರ್ ದಪ್ಪ ಸೇರಿದ ಮೇಲೆ ಹಳೆಯ ಬೋಲ್ಟ್ ಗಿಡ್ಡವಾಗುತ್ತದೆ, ಎರಡೇ ಸುತ್ತು ಹಿಡಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡು ಬರುತ್ತದೆ. ತೀರಾ ಉದ್ದವಾದರೂ ಕಷ್ಟ, ತೂತಿನ ತಳಕ್ಕೆ ತಾಗಿ ಬಿಗಿಯಾದಂತೆ ಅನ್ನಿಸುತ್ತದೆ, ಬ್ರೇಸ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಥ್ರೆಡ್ಡಿಗೆ ನೀಲಿ ಲಾಕರ್, ಅಂದರೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ಹನಿ ಸಾಕು. ನಾಲ್ಕೂ ಬೋಲ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಬ್ರೇಸಿನ ಜೊತೆ ಬಂದ ಹಾಳೆಯಲ್ಲಿ ಬೇರೆ ಬರೆದಿದ್ದರೆ ಅದೇ ಸರಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ದಿನಕ್ಕೆ ಯಾರದಾದರೂ ಕೇಳಿ ತನ್ನಿ, ಅಂದಾಜಿನ ಮೇಲೆ ಬಿಗಿ ಮಾಡಬೇಡಿ.

ಇನ್ನು ಜಾಗದ ಲೆಕ್ಕ. ಇದನ್ನು ದಯವಿಟ್ಟು ಬಿಡಬೇಡಿ. ಬ್ರೇಸ್ ಬಾಟಮ್ ಜೊತೆ ಮೇಲಕ್ಕೆ ಬರುತ್ತದೆ. ಚಕ್ರ ನೆಲ ಬಿಟ್ಟಿರುವಾಗ ಡಸ್ಟ್ ಸೀಲಿನಿಂದ ಟಿವರೆಗಿನ ಹೊಳೆಯುವ ಪೈಪನ್ನು ಅಳೆಯಿರಿ. ಮಾತಿಗೆ 240 ಮಿಲಿಮೀಟರ್ ಇತ್ತು ಅಂದುಕೊಳ್ಳಿ. ಶಾಕ್ಸ್ 200 ಓಡಿದರೆ ಉಳಿಯುವುದು 40. ಬ್ರೇಸ್ ಸೀಲಿಗಿಂತ 40ಕ್ಕಿಂತ ಜಾಸ್ತಿ ಎತ್ತರ ನಿಂತಿದ್ದರೆ ದೊಡ್ಡ ಗುಂಡಿಯಲ್ಲಿ ಹೋಗಿ ಟಿಗೆ ಬಡಿಯುತ್ತದೆ. ಹಿಮಾಲಯನ್‌ನಲ್ಲಿ ಮೇಲಿನ ಮಡ್‌ಗಾರ್ಡ್ ಬೇರೆ ಇದೆ, ಅದಕ್ಕೂ ತಾಗಬಾರದು. ಬ್ರೇಕ್ ಪೈಪು, ಎಬಿಎಸ್ ವೈರು ಎಲ್ಲೂ ಸಿಕ್ಕಿಕೊಳ್ಳಬಾರದು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕಮಾನಿಗೂ ಟೈರಿಗೂ ನಡುವೆ ಬೆರಳು ಸಲೀಸಾಗಿ ಹೋಗಬೇಕು. ಮಲೆನಾಡಿನವರಿಗೆ ಎರಡು ಬೆರಳು ಜಾಗ ಇರಲಿ, ಮಳೆಗಾಲದಲ್ಲಿ ಆ ಕೆಮ್ಮಣ್ಣು ಕಮಾನಿನ ಕೆಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿಯುತ್ತದೆ.

ಬದಲಾವಣೆ ಎಷ್ಟು? ನೇರ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬ್ರೇಕ್ ಹಿಡಿದಿರುವಾಗಲೇ ಗುಂಡಿ ಸಿಕ್ಕಿತು, ಆಗ ಗೊತ್ತಾಯಿತು. ಮೊದಲು ಹ್ಯಾಂಡಲ್ ಒಂದು ಕ್ಷಣ ತಡವಾಗಿ ಉತ್ತರ ಕೊಡುತ್ತಿತ್ತು, ಈಗ ತಿರುಗಿಸಿದ ಕಡೆಗೆ ಚಕ್ರ ಆಗಲೇ ಹೋಗಿರುತ್ತದೆ. ಚಿತ್ರದುರ್ಗದ ಗಾಳಿ ಈಗಲೂ ತಳ್ಳುತ್ತದೆ. ತಳ್ಳಿದ ಮೇಲೆ ಬೈಕ್ ಬೇಗ ಸಾವರಿಸಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ, ನನಗೆ ಅಷ್ಟು ಸಾಕು.

ಒಂದು ಸಣ್ಣ ಕೆಲಸ ಉಳಿದಿದೆ. ಬಿಗಿ ಮಾಡಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರೇಸಿನವರೆಗೆ ನೈಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯಿರಿ. ನಾನು ಅಕ್ಕನ ಕೆಂಪು ಬಾಟಲಿಯಿಂದ ಎಳೆದೆ. 100 ಕಿಲೋಮೀಟರ್ ಓಡಿಸಿ ಬಂದು ಕೂತು ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ, ಅದನ್ನು ಬಿಚ್ಚಿ, ಲಾಕರ್ ಹಾಕಿ ಮತ್ತೆ ಬಿಗಿ ಮಾಡಿ. ನಮಸ್ಕಾರ.