ಕೊಳಕುಮಂಡಲದ ವಿಷ, ಇಪ್ಪತ್ತು ನಿಮಿಷದ ಗಾಜಿನ ಟ್ಯೂಬು

ಕೇಳುಗರಿಗೆ ನಮಸ್ಕಾರ. ಇಲಿಯ ಬೆನ್ನು ಹತ್ತಿ ಗದ್ದೆಗೆ ಬರುವ ಕೊಳಕುಮಂಡಲ, ಒಣಹುಲ್ಲಿನ ಬಣ್ಣಕ್ಕೆ ಬೆರೆತು ಬಿದ್ದಿರುತ್ತದೆ. ಕೊಯ್ಲಿನವರ ಕಾಲು ಅದರ ಮೇಲೇ ಬೀಳುವುದು ಹಾಗಾಗಿ.

ಈ ಹಾವಿನ ವಿಷ ಮುಖ್ಯವಾಗಿ ಕೈಹಾಕುವುದು ರಕ್ತಕ್ಕೆ. ಗಾಯವಾದಾಗ ಹೆಪ್ಪುಗಟ್ಟಿಸಲೆಂದು ರಕ್ತದಲ್ಲಿರುವ ಪ್ರೋಟೀನುಗಳನ್ನು ಅದರ ಕಿಣ್ವಗಳು ಕಾರಣವಿಲ್ಲದೆ ಕೆರಳಿಸುತ್ತವೆ. ಫೈಬ್ರಿನೋಜನ್ ಎಂಬ ಪ್ರೋಟೀನಿನ ದಾಸ್ತಾನು ಹೀಗೆ ವ್ಯರ್ಥವಾಗಿ ಖಾಲಿಯಾಗುತ್ತದೆ. ಆಮೇಲೆ ವಸಡಿನಲ್ಲಿ ಒಸರಿದ ರಕ್ತವೂ ನಿಲ್ಲದು. ಅಂಥವರ ಗಾಯವನ್ನು ಬ್ಲೇಡಿನಿಂದ ಕೊಯ್ದರೆ ಏನಾದೀತು, ನೀವೇ ಊಹಿಸಿ. ಕೊಯ್ಯುವುದು ಬೇಡ, ಹಗ್ಗ ಬಿಗಿಯುವುದೂ ಬೇಡ. ಕಾಲು ಊದುವ ಮೊದಲೇ ಕಾಲುಂಗುರ, ಗೆಜ್ಜೆ ತೆಗೆಯಿರಿ. ಮೂಳೆ ಮುರಿದವರಿಗೆ ಕಟ್ಟುವಂತೆ ಕಾಲಿಗೆ ಪಟ್ಟಿ ಆನಿಸಿ, ನಡೆಸದೆ ಆಸ್ಪತ್ರೆಗೆ ಸಾಗಿಸಿ.

ಅಲ್ಲಿ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಕಿಲ್ಲ. ಅಭಿಧಮನಿಯಿಂದ ಆಗಷ್ಟೇ ತೆಗೆದ 2 ಮಿ.ಲೀ. ರಕ್ತವನ್ನು ಶುಚಿಯಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ ಹಾಕಿ 20 ನಿಮಿಷ ಹಾಗೇ ಬಿಡಬೇಕು. ನಡುವೆ ಎತ್ತಿ ನೋಡುವ ಚಪಲ ಬೇಡ. ಆಮೇಲೆ ಒಂದೇ ಸಲ ಓರೆ ಮಾಡಿ. ಗಟ್ಟಿ ಮೊಸರಿನಂತೆ ತಳಕ್ಕೆ ಕಚ್ಚಿಕೊಂಡಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ಪ್ರತಿವಿಷ ಬೇಕು.

ಎಡವುವುದು ಟ್ಯೂಬಿನಲ್ಲಿ. ಗಾಜಿನ ಮೈ ತಾಗಿದಾಗಲೇ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನ ಪುಡಿಯಿಂದ ತೊಳೆದ ಗಾಜಿನಲ್ಲಿ, ವಿಷವಿಲ್ಲದ ರಕ್ತವೂ ನೀರಾಗಿಯೇ ಉಳಿಯಬಹುದು. ಅನುಮಾನವಿದ್ದರೆ ಆರೋಗ್ಯವಂತರೊಬ್ಬರ ರಕ್ತವನ್ನು ಅಂಥದ್ದೇ ಟ್ಯೂಬಿನಲ್ಲಿ ಪಕ್ಕದಲ್ಲಿಟ್ಟು ಹೋಲಿಸಿ.

ಪ್ರತಿವಿಷದ ಪುಡಿಗೆ ವಯಲ್‌ಗೆ 10 ಮಿ.ಲೀ.ನಂತೆ ಚುಚ್ಚುಮದ್ದಿಗೆ ಬಳಸುವ ಕ್ರಿಮಿರಹಿತ ನೀರು ಬೆರೆಸಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆಯಾಗಿ ಪ್ರೋಟೀನು ಕೆಡುತ್ತದೆ. ಮೊದಲ ಸಲ 8ರಿಂದ 10 ವಯಲ್, ಸುಮಾರು ಒಂದು ಗಂಟೆಯಲ್ಲಿ. ಮಗುವಿಗೂ ಅಷ್ಟೇ, ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ! ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ಎಳೆದು ಕೈಯಳತೆಯಲ್ಲೇ ಇರಲಿ. ಟ್ಯೂಬಿನ ಪರೀಕ್ಷೆ ಮತ್ತೆ 6 ಗಂಟೆಯ ಬಳಿಕ: ಖರ್ಚಾದ ಪ್ರೋಟೀನುಗಳನ್ನು ಯಕೃತ್ತು ತಯಾರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

ನಾಗರಹಾವು, ಕಟ್ಟುಹಾವುಗಳಿಗೆ ಈ ಪರೀಕ್ಷೆ ನಡೆಯದು. ಅವುಗಳ ವಿಷ ನರಗಳ ಕೆಲಸ ಕೆಡಿಸುತ್ತದೆ. ರಕ್ತ ಚೆನ್ನಾಗಿ ಹೆಪ್ಪುಗಟ್ಟಿದರೂ ರೆಪ್ಪೆ ಜೋತು ಬಿದ್ದು ಉಸಿರು ಸೋಲಬಹುದು. ಕೊಳಕುಮಂಡಲದ ರೋಗಿಯಲ್ಲಿ ರಕ್ತ ಸರಿಹೋದ ಮೇಲೂ ಮೂತ್ರವನ್ನು ಅಳೆದು ಬರೆದಿಡುತ್ತಿರಿ. ಅದು ಕಡಿಮೆಯಾದರೆ ಅಥವಾ ಕಪ್ಪಾದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು. ಡಯಾಲಿಸಿಸ್ ಇರುವ ಆಸ್ಪತ್ರೆಗೆ ತಡಮಾಡದೆ ಕಳಿಸಿ. ನಮಸ್ಕಾರ.